ಬೆಳಿಗ್ಗೆ ಅರೆಹೊಟ್ಟೆ, ಸಂಜೆ ತುಂಬುಹೊಟ್ಟೆ: ಮನೆಕೋಳಿ ಸಾಕುವವರ ಪ್ರಶ್ನೆಗಳು

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಕೋಳಿಗೆ ಎಂತ ಹಾಕುವುದು, ಯಾವಾಗ ಹಾಕುವುದು, ಎಷ್ಟು ಹಾಕುವುದು ಅಂತ. ಎಲ್ಲದಕ್ಕೂ ಇಲ್ಲಿ ಜಾಗ ಇಲ್ಲ, ಒಂದೇ ತರದ್ದನ್ನು ಒಟ್ಟಿಗೆ ಸೇರಿಸಿದ್ದೇನೆ.

ಪ್ರಶ್ನೆ: ನಮ್ಮದು ಪೆರ್ಲದ ಹತ್ತಿರ, ಅಡಿಕೆ ತೋಟದ ನಡುವೆ ಮನೆ. ಹನ್ನೆರಡು ಹೇಂಟೆ, ಎರಡು ಹುಂಜ ಉಂಟು. ನಾಲ್ಕು ಪಂಚಾಯತಿನಿಂದ ಸಿಕ್ಕಿದ್ದು, ಉಳಿದದ್ದು ಊರ ಕೋಳಿ. ದಿನಕ್ಕೆ ಮೂರು ಹೊತ್ತು ಕುಚ್ಚಲಕ್ಕಿ ಅನ್ನ ಹಾಕ್ತೇನೆ, ಹೊಟ್ಟೆಗೆ ಏನೂ ಕಮ್ಮಿ ಮಾಡಿಲ್ಲ. ಆದ್ರೂ ಎರಡು ತಿಂಗಳಿಂದ ವಾರಕ್ಕೆ ನಾಲ್ಕೈದು ಮೊಟ್ಟೆ ಸಿಕ್ಕಿದ್ರೆ ದೊಡ್ಡದು. ಕೋಳಿಗಳು ಮಾತ್ರ ಗುಂಡಗುಂಡಗೆ ಚೆಂದ ಉಂಟು. ಎಂತ ಮಾಡುವುದು?

ಉತ್ತರ: ಅಕ್ಕಾ, ಆ ಗುಂಡಗುಂಡಗೆ ಇರುವುದೇ ತೊಂದರೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇರ್ತದೆ, ಅದು ಕೋಳಿ ತಿಂದದ್ದರಿಂದಲೇ ಬರ್ಬೇಕಲ್ವಾ, ಬೇಯಿಸಿದ ಅನ್ನ 100 ಗ್ರಾಂ ತಿಂದ್ರೆ ಅದರಲ್ಲಿ ಸಿಗುವುದು ಎರಡೂವರೆ ಗ್ರಾಂ ಆಸುಪಾಸು, ಉಳಿದದ್ದು ಹೆಚ್ಚಾಗಿ ನೀರು ಮತ್ತೆ ಹಿಟ್ಟಿನಂಶ, ಅದು ಕೊಬ್ಬಾಗಿ ಹೊಟ್ಟೆಯೊಳಗೆ ಕೂತ್ಕೊಳ್ತದೆ. ಕೊಬ್ಬು ಹೆಚ್ಚಾದ ಹೇಂಟೆ ಮೊಟ್ಟೆ ಕಮ್ಮಿ ಮಾಡ್ತದೆ, ಸೆಕೆಗಾಲದಲ್ಲಿ ಏದುಸಿರು ಬಿಡ್ತದೆ, ಕೆಲವು ಒಂದು ದಿನ ಬೆಳಿಗ್ಗೆ ಗೂಡಿನೊಳಗೆ ಸತ್ತೇ ಬಿದ್ದಿರ್ತವೆ, ಹಾವು ಕಚ್ಚಿತು ಅಂತ ಮನೆಯವರು ಹೇಳ್ತಾರೆ.

ಒಂದು ಪರೀಕ್ಷೆ ಮಾಡಿ. ರಾತ್ರಿ ಹೇಂಟೆಯನ್ನು ಮೆಲ್ಲ ಹಿಡ್ಕೊಂಡು ಹಿಂಬದಿ ಕೆಳಗೆ, ಮೊಟ್ಟೆ ಬರುವ ದಾರಿಯ ಆಚೆ ಈಚೆ ಎರಡು ತೆಳು ಎಲುಬು ಕೈಗೆ ಸಿಗ್ತದೆ, ಅದರ ನಡುವೆ ಎರಡು ಮೂರು ಬೆರಳು ಹಿಡಿಸಿದ್ರೆ, ಹೊಟ್ಟೆ ಮೆತ್ತಗಿದ್ರೆ ಅದು ಮೊಟ್ಟೆ ಇಡುವ ಕೋಳಿ. ಎಲುಬು ಒತ್ತೊತ್ತಾಗಿದ್ದು ಬೆರಳೇ ಹೋಗ್ದಿದ್ರೆ ಸದ್ಯಕ್ಕೆ ಇಡ್ತಾ ಇಲ್ಲ. ಹೊಟ್ಟೆ ಗಟ್ಟಿಯಾಗಿ ದಪ್ಪ ದಪ್ಪ ಸಿಕ್ಕಿದ್ರೆ ಅದು ನಿಮ್ಮ ಅನ್ನ!

ಇನ್ನು ಹೊತ್ತಿನ ವಿಷಯ. ನಾನು ಹೇಳುವುದು ಇಷ್ಟೇ, ಬೆಳಿಗ್ಗೆ ಹೊಟ್ಟೆ ತುಂಬಿಸ್ಬೇಡಿ. ಗೂಡಿನ ಬಾಗಿಲು ತೆಗೆದ ಕೂಡ್ಲೆ ಹೊಟ್ಟೆ ತುಂಬ ಸಿಕ್ಕಿದ ಕೋಳಿ ಜಗಲಿ ಬಿಟ್ಟು ಕದಲುವುದಿಲ್ಲ, ಮಧ್ಯಾಹ್ನದವರೆಗೆ ಅಡುಗೆಮನೆ ಬಾಗಿಲಲ್ಲೇ ಬಿದ್ಕೊಂಡಿರ್ತದೆ, ನಿಮ್ಮ ತೋಟದಲ್ಲಿ ಎರೆಹುಳ, ಒರಲೆ, ಜೀರುಂಡೆ ಮರಿ, ಎಳೆ ಹುಲ್ಲು ಎಲ್ಲ ಪುಕ್ಕಟೆ ಇರುವಾಗ! ಹುಳದಲ್ಲಿ ಇರುವ ಪ್ರೋಟೀನಿಗೆ ಅಂಗಡಿಯಲ್ಲಿ ನಾವು ದುಡ್ಡು ಕೊಡ್ತೇವೆ. ಹಾಗಾಗಿ ಬೆಳಿಗ್ಗೆ ತಲೆಗೆ ಒಂದು ಸಣ್ಣ ಮುಷ್ಟಿಯೂ ಬೇಡ, 10 ಗ್ರಾಂನಷ್ಟು ಚೆಲ್ಲಿ ಸಾಕು, ಅದೂ ಎಲ್ಲ ಹುಷಾರಾಗಿ ಓಡಿ ಬರ್ತಾವಾ ಅಂತ ನೋಡ್ಲಿಕ್ಕೆ. ಓಡಿ ಬಾರದ ಕೋಳಿಗೆ ಏನೋ ಆಗಿದೆ ಅಂತ ಲೆಕ್ಕ. ಮಧ್ಯಾಹ್ನ ನೀರು ಬದಲಿಸುವುದು ಬಿಟ್ಟು ಬೇರೆ ಏನೂ ಬೇಡ. ಸಂಜೆ ಗೂಡಿಗೆ ಸೇರುವ ಒಂದು ಗಂಟೆ ಮೊದಲು ಉಳಿದ 30-40 ಗ್ರಾಂ ಕೊಡಿ. ಇಡೀ ದಿನ ಗೂಡಿನಲ್ಲೇ ಇರುವ ಮೊಟ್ಟೆ ಕೋಳಿಗೆ ದಿನಕ್ಕೆ 100ರಿಂದ 120 ಗ್ರಾಂ ಬೇಕು, ಬಿಟ್ಟು ಮೇಯಿಸುವ ಕೋಳಿಗೆ ಅಷ್ಟು ಬೇಡ.

ಸಂಜೆಯೇ ಯಾಕೆ ಅಂದ್ರೆ, ಕೋಳಿ ರಾತ್ರಿಯಿಡೀ, ಹನ್ನೊಂದು ಹನ್ನೆರಡು ಗಂಟೆ ಹೊತ್ತು ತಿನ್ನದೆ ಇರ್ತದೆ, ಕುತ್ತಿಗೆ ಬುಡದ ಚೀಲದಲ್ಲಿ ತುಂಬಿಸಿಕೊಂಡದ್ದನ್ನು ಸ್ವಲ್ಪ ಸ್ವಲ್ಪ ಕೆಳಗೆ ಬಿಟ್ಕೊಂಡು ಅರಗಿಸ್ತದೆ. ಗೂಡು ಮುಚ್ಚುವಾಗ ಆ ಚೀಲವನ್ನು ಎರಡು ಬೆರಳಲ್ಲಿ ಮುಟ್ಟಿ ನೋಡುವ ಅಭ್ಯಾಸ ಮಾಡಿ. ಲಿಂಬೆಹುಳಿಯಷ್ಟು ಉಬ್ಬಿ, ಒತ್ತಿದ್ರೆ ಕಾಳು ಜರುಗುವ ಹಾಗೆ ಇದ್ರೆ ಹೊಟ್ಟೆ ತುಂಬಿದೆ. ಚೀಲ ಖಾಲಿ ಇದ್ರೆ ಒಂದೋ ಅದಕ್ಕೆ ಸಿಕ್ಕಿಲ್ಲ, ಇಲ್ಲದ್ರೆ ಅದಕ್ಕೆ ಹುಷಾರಿಲ್ಲ. ಬೆಳಿಗ್ಗೆ ಅದೇ ಚೀಲ ಖಾಲಿ ಇರ್ಬೇಕು, ಬೆಳಿಗ್ಗೆಯೂ ಉಬ್ಬಿಕೊಂಡು ಹುಳಿ ವಾಸನೆ ಬಂದ್ರೆ ಕಟ್ಟಿಕೊಂಡಿದೆ ಅಂತ, ಆಗ ಮೃಗಾಸ್ಪತ್ರೆಗೆ ಹೋಗಿ.

ಹೊತ್ತು ಸರಿಯಾದ್ರೆ ಸಾಲದು, ಹಾಕುವ ವಸ್ತುವೂ ಬದಲಾಗ್ಬೇಕು. ನಾನು ಮನೆಯಲ್ಲಿ 10 ಕಿಲೋ ಲೆಕ್ಕದಲ್ಲಿ ಬೆರೆಸುವುದು ಹೀಗೆ: ನುಚ್ಚಕ್ಕಿ ಮತ್ತೆ ಒಡೆದ ಜೋಳ ಸೇರಿ 5 ಕಿಲೋ, ತೌಡು 2 ಕಿಲೋ, ನೆಲಗಡಲೆ ಹಿಂಡಿ ಒಂದೂವರೆ ಕಿಲೋ, ಉಪ್ಪು ಹಾಕದೆ ಒಣಗಿಸಿದ ಮೀನಿನ ಪುಡಿ 1 ಕಿಲೋ, ಚಿಪ್ಪಿನ ಪುಡಿ ಅರ್ಧ ಕಿಲೋ. ಪ್ರೋಟೀನ್ ಸುಮಾರು 18 ಶೇಕಡ ಬರ್ತದೆ. ನೆಲಗಡಲೆ ಹಿಂಡಿ ಸಿಗದಿದ್ರೆ ತೆಂಗಿನ ಹಿಂಡಿ ಹಾಕ್ಬಹುದು, ನಮ್ಮಲ್ಲಿ ಅದೇ ಸುಲಭದಲ್ಲಿ ಸಿಗುವುದು, ಆದ್ರೆ ಅದರಲ್ಲಿ ಪ್ರೋಟೀನ್ ಅರ್ಧದಷ್ಟೇ ಅಂತ ನೆನಪಿರಲಿ. ಅನ್ನ ಪೂರ್ತಿ ನಿಲ್ಲಿಸ್ಬೇಕು ಅಂತ ಇಲ್ಲ, ಉಳಿದದ್ದು ಎರಡು ಮುಷ್ಟಿ ಇದ್ರೆ ತೌಡಿಗೆ ಕಲಸಿ ಕೊಡಿ. ಮತ್ತೆ ಒಂದೇ ಕಡೆ ಹಾಕ್ಬೇಡಿ, ದೊಡ್ಡ ಹೇಂಟೆಗಳು ಸಣ್ಣದನ್ನು ಕುಟ್ಟಿ ಓಡಿಸ್ತವೆ. ಅಡಿಕೆ ಹಾಳೆಯ ಎರಡು ತುದಿ ಮಡಚಿ ತೆಂಗಿನಗರಿ ಕಡ್ಡಿ ಚುಚ್ಚಿದ್ರೆ ಒಳ್ಳೆ ತೊಟ್ಟಿ ಆಗ್ತದೆ, ಮೂರು ಮಾಡಿ ಮೂರು ಮೂಲೆಯಲ್ಲಿ ಇಡಿ, ಕೊಳಕಾದ್ರೆ ಬಿಸಾಡಿ ಇನ್ನೊಂದು ಮಾಡಿದ್ರಾಯ್ತು.

ಒಂದೇ ದಿನದಲ್ಲಿ ಅನ್ನ ಬಿಡಿಸ್ಬೇಡಿ, ಹತ್ತು ದಿನದಲ್ಲಿ ಮೆಲ್ಲ ಬದಲಿಸಿ. ಆಮೇಲೆ ಒಂದು ತಿಂಗಳಾದ್ರೂ ಕಾಯ್ಬೇಕು. ಈಗ ಹಳೇ ಗರಿ ಉದುರುವ ಸಮಯವಾಗಿದ್ರೆ ಎಂತ ಹಾಕಿದ್ರೂ ಮೊಟ್ಟೆ ಬಾರದು, ಆಗ ತಿಂದದ್ದೆಲ್ಲ ಹೊಸ ಗರಿಗೆ ಹೋಗ್ತದೆ. ಊರ ಕೋಳಿ ವರ್ಷಕ್ಕೆ 60-80 ಮೊಟ್ಟೆ ಇಟ್ರೆ ಅದು ಒಳ್ಳೆ ಕೋಳಿಯೇ, ಪಂಚಾಯತಿನ ಕೋಳಿಯ ಲೆಕ್ಕ ಅದಕ್ಕೆ ಹಾಕ್ಬೇಡಿ.

ಪ್ರಶ್ನೆ: ನೀರ್ಚಾಲಿನಿಂದ. ಮೊಟ್ಟೆಯ ಸಿಪ್ಪೆ ಕಾಗದದ ಹಾಗೆ ತೆಳು, ಕೈಯಲ್ಲಿ ಹಿಡಿಯುವಾಗಲೇ ಒಡೀತದೆ. ಒಂದು ಹೇಂಟೆ ಗೂಡಲ್ಲೇ ಒಡೆದು ತಿನ್ಲಿಕ್ಕೆ ಸುರು ಮಾಡಿದೆ.

ಉತ್ತರ: ಒಂದು ಮೊಟ್ಟೆಯ ಸಿಪ್ಪೆಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು, ಅದು ಅಕ್ಕಿಯಲ್ಲೂ ಇಲ್ಲ ತೌಡಲ್ಲೂ ಇಲ್ಲ. ಹೊರಗಿಂದ ಸಿಗದಿದ್ರೆ ಕೋಳಿ ತನ್ನ ಎಲುಬಿನಿಂದ ತೆಗೀತದೆ, ಎಷ್ಟು ದಿನ ಅಂತ ತೆಗೀಲಿ. ಮೊಟ್ಟೆ ಒಳಗೆ ತಯಾರಾಗ್ಲಿಕ್ಕೆ 24-26 ಗಂಟೆ ಬೇಕು, ಅದರಲ್ಲಿ 20 ಗಂಟೆಯಷ್ಟು ಸಿಪ್ಪೆ ಕಟ್ಟುವ ಕೆಲಸಕ್ಕೇ ಹೋಗ್ತದೆ, ಅದೂ ಹೆಚ್ಚಿನದ್ದು ರಾತ್ರಿ, ನಾವು ಮಲಗಿದ ಮೇಲೆ. ಅದಕ್ಕೇ ಚಿಪ್ಪು ಸಂಜೆ ಕೊಡಿ ಅಂತ ಹೇಳುವುದು.

ನಮ್ಮ ಕಾಸರಗೋಡು ಜಿಲ್ಲೆಯವರಿಗೆ ಚಿಪ್ಪಿಗೆ ಬರಗಾಲ ಇಲ್ಲ. ಕುಂಬಳೆ, ಉಪ್ಪಳ ಕಡೆ ನೆಂಟರಿದ್ರೆ ಮರುವಾಯಿ ಚಿಪ್ಪು ಒಂದು ಗೋಣಿ ತರಿಸಿ, ಸಾರು ಮಾಡಿ ಬಿಸಾಡಿದ್ದೇ ಆದೀತು. ಚೆನ್ನಾಗಿ ತೊಳೆದು ಎರಡು ದಿನ ಬಿಸಿಲಿಗೆ ಹಾಕಿ, ಗೋಣಿ ಒಳಗೇ ಇಟ್ಟು ಸುತ್ತಿಗೆಯಲ್ಲಿ ಜಜ್ಜಿ. ನುಣ್ಣಗೆ ಪುಡಿ ಮಾಡ್ಬೇಡಿ, ಅಕ್ಕಿಕಾಳಿನಿಂದ ಹೆಸರುಕಾಳಿನಷ್ಟು ತುಂಡಿರಲಿ, ದಪ್ಪ ತುಂಡು ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಂತು ರಾತ್ರಿಯಿಡೀ ಕರಗ್ತದೆ. ಫೀಡಿಗೆ ಬೆರೆಸಿದ್ದು ಅಲ್ಲದೆ ಬೇರೆ ಗೆರಟೆಯಲ್ಲೂ ಇಡಿ, ಮೊಟ್ಟೆ ಇಡುವ ಹೇಂಟೆ ತನಗೆ ಬೇಕಾದಷ್ಟು ಹೆಕ್ಕಿಕೊಳ್ತದೆ, ಹುಂಜ ಮೂಸಿ ನೋಡಿ ಹೋಗ್ತದೆ. ಮನೆಯ ಮೊಟ್ಟೆ ಸಿಪ್ಪೆಯೂ ಆಗ್ತದೆ, ಆದ್ರೆ ಹುರಿದು ಪುಡಿ ಮಾಡಿ, ಹಾಗೇ ಹಾಕಿದ್ರೆ ಮೊಟ್ಟೆಯ ರುಚಿ ನಾವೇ ಕಲಿಸಿಕೊಟ್ಟ ಹಾಗೆ. ಸಣ್ಣ ಗಟ್ಟಿ ಕಲ್ಲು ಬೇರೆ, ಚಿಪ್ಪು ಬೇರೆ. ಮಾಂಸ ಮಾಡುವಾಗ ಹಳದಿ ಪೊರೆ ಸುಲಿದು ಬಿಸಾಡ್ತೇವಲ್ಲ, ಆ ಗಟ್ಟಿ ಹೊಟ್ಟೆಯೊಳಗೆ ಕಾಳು ಅರೆಯುವುದು ಕಲ್ಲು. ತೋಟಕ್ಕೆ ಬಿಟ್ಟ ಕೋಳಿ ಅದನ್ನು ತಾನೇ ಹುಡುಕಿಕೊಳ್ತದೆ, ಕಟ್ಟಿಹಾಕಿದ್ದಕ್ಕೆ ನಾವು ಕೊಡ್ಬೇಕು.

ಒಡೆದು ತಿನ್ನುವ ಹೇಂಟೆಯನ್ನು ಒಂದು ವಾರ ಬೇರೆ ಹಾಕಿ, ಮೊಟ್ಟೆ ಬೆಳಿಗ್ಗೆ ಎರಡು ಸಲ ತೆಗೀರಿ, ಇಡುವ ಜಾಗ ಕತ್ತಲೆ ಮಾಡಿ. ಅದಕ್ಕೂ ಬಗ್ಗದಿದ್ರೆ ನಿಮ್ಮಲ್ಲಿ ಹಬ್ಬ ಯಾವಾಗ ಅಂತ ನಾನು ಕೇಳುವುದಿಲ್ಲ.

ಪ್ರಶ್ನೆ: ಮುಳ್ಳೇರಿಯದಿಂದ. ಹೇಂಟೆ ಒಂಬತ್ತು ಮರಿ ಮಾಡಿದೆ. ದೊಡ್ಡ ಕೋಳಿಗೆ ತಂದ ಲೇಯರ್ ಫೀಡನ್ನೇ (ಮೊಟ್ಟೆ ಇಡುವ ಕೋಳಿಯ ಫೀಡ್) ಮರಿಗೂ ಕೊಡ್ಬಹುದಾ? ಚಿಕ್ಕಮ್ಮ ಕೊಡ್ಬಹುದು ಹೇಳ್ತಾರೆ, ಅಂಗಡಿಯವರು ಬೇಡ ಹೇಳ್ತಾರೆ.

ಉತ್ತರ: ಈ ಸಲ ಅಂಗಡಿಯವರು ಸರಿ. ಲೇಯರ್ ಫೀಡಿನಲ್ಲಿ ಮೂರೂವರೆಯಿಂದ 4 ಶೇಕಡ ಕ್ಯಾಲ್ಸಿಯಂ ಇರ್ತದೆ, ಮರಿಗೆ 1 ಶೇಕಡ ಸಾಕು. ಹೆಚ್ಚಾದದ್ದು ಕಿಡ್ನಿ ಹಾಳು ಮಾಡ್ತದೆ, ಆದ್ರೆ ಕೂಡ್ಲೆ ಗೊತ್ತಾಗುವುದಿಲ್ಲ, ತಿಂಗಳು ಕಳೆದ ಮೇಲೆ ಮರಿ ಒಂದೊಂದಾಗಿ ಸೊರಗ್ತದೆ. ಎಂಟು ವಾರದವರೆಗೆ ಸ್ಟಾರ್ಟರ್ (ಮರಿಯ ಫೀಡ್), ಅದರಲ್ಲಿ ಪ್ರೋಟೀನ್ 20ಕ್ಕಿಂತ ಮೇಲೆ, ಆಮೇಲೆ ಮೊಟ್ಟೆ ಸುರುವಾಗುವವರೆಗೆ ಗ್ರೋವರ್ (ಬೆಳೆಯುವ ಕೋಳಿಯ ಫೀಡ್), 18-20 ವಾರದ ಮೇಲೆ ಲೇಯರ್. ಮರಿಗೆ ಹೊತ್ತುಗೊತ್ತಿನ ಲೆಕ್ಕ ಬೇಡ, ಮೊದಲ ತಿಂಗಳು ಹಗಲಿಡೀ ಮುಂದೆ ಇರಲಿ.

ಆದ್ರೆ ಅಮ್ಮ ಕೋಳಿ ಮರಿಯ ಪಾಲನ್ನೂ ಮುಗಿಸ್ತದೆ. ಅದಕ್ಕೆ ದೊಡ್ಡ ಬುಟ್ಟಿಯೊಂದನ್ನು ಕವುಚಿ ಹಾಕಿ, ನಾಲ್ಕು ಕಡೆ ಕಲ್ಲಿಟ್ಟು ಮೂರು ಬೆರಳಿನಷ್ಟು ಎತ್ತರ ಮಾಡಿ, ಫೀಡ್ ಒಳಗೆ ಇಡಿ. ಮರಿ ನುಗ್ತದೆ, ಅಮ್ಮ ಸುತ್ತ ತಿರುಗಿ ಬೈತದೆ.

ಒರಲೆ ಹಿಡಿಯುವ ಹಳೇ ಉಪಾಯ ನಿಮ್ಮ ಚಿಕ್ಕಮ್ಮನಿಗೆ ಗೊತ್ತಿರ್ಬಹುದು ಕೇಳಿ. ಮಣ್ಣಿನ ಮಡಕೆಗೆ ಒಣ ಸೆಗಣಿ, ಬೈಹುಲ್ಲು ತುಂಬಿಸಿ ಸ್ವಲ್ಪ ನೀರು ಚಿಮುಕಿಸಿ ಒರಲೆ ಇರುವ ಕಡೆ ಸಂಜೆ ಕವುಚಿ ಇಟ್ರೆ ಮರುದಿನ ಬೆಳಿಗ್ಗೆ ಒಳಗೆ ಬೆಳ್ಳಗೆ ತುಂಬಿರ್ತದೆ. ಮರಿಗಳ ಮುಂದೆ ಸುರಿದು ನೋಡಿ, ಒಂಬತ್ತು ಮರಿ ಒಂಬತ್ತು ದಿಕ್ಕಿಗೆ ಬಾಯಲ್ಲಿ ಕಚ್ಚಿಕೊಂಡು ಓಡ್ತವೆ.

ಪ್ರಶ್ನೆ: ಮಳೆಗಾಲದಲ್ಲಿ ಫೀಡ್ ಸ್ವಲ್ಪ ಹಸಿರು ಬೂಸಲು ಬಂದ್ರೆ ಬಿಸಿಲಿಗೆ ಹಾಕಿ ಕೊಡ್ಬಹುದಾ? (ಪೈವಳಿಕೆ)

ಉತ್ತರ: ಕೊಡ್ಲೇಬೇಡಿ. ಬಿಸಿಲಿಗೆ ಬೂಸಲು ಉದುರ್ತದೆ, ವಿಷ ಹೋಗುವುದಿಲ್ಲ. ಅಫ್ಲಾಟಾಕ್ಸಿನ್ ಅಂತ ಅದರ ಹೆಸರು, ಲಿವರಿಗೆ ಹಿಡೀತದೆ, ಬೇಯಿಸಿದ್ರೂ ಸುಲಭದಲ್ಲಿ ಹಾಳಾಗದು. ಅದು ಜಗತ್ತಿಗೆ ಗೊತ್ತಾದದ್ದೇ ಕೋಳಿ ಜಾತಿಯ ಹಕ್ಕಿಗಳಿಂದ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕಿಂತ ಹೆಚ್ಚು ಟರ್ಕಿ ಕೋಳಿ ಸತ್ತವು, ಯಾವ ರೋಗ ಅಂತ ಗೊತ್ತಾಗದೆ ಟರ್ಕಿ ಎಕ್ಸ್ ರೋಗ ಅಂತ ಹೆಸರಿಟ್ರು, ಕೊನೆಗೆ ನೋಡಿದ್ರೆ ತಿನ್ಲಿಕ್ಕೆ ಹಾಕಿದ ನೆಲಗಡಲೆ ಹಿಂಡಿಗೆ ಬೂಸಲು ಬಂದಿತ್ತು.

ನನಗೂ ಒಮ್ಮೆ ಪೆಟ್ಟು ಬಿದ್ದಿದೆ. 50 ಕಿಲೋ ಚೀಲ ಒಟ್ಟಿಗೆ ತಂದ್ರೆ ಅಗ್ಗ ಅಂತ ತಂದು ಕೊಟ್ಟಿಗೆಯ ಮುರಕಲ್ಲಿನ ಗೋಡೆಗೆ ಒರಗಿಸಿ ಇಟ್ಟಿದ್ದೆ, ಆಟಿ ತಿಂಗಳ ಮಳೆ, ಗೋಡೆ ನೀರು ಕುಡಿದು ಚೀಲದ ಹಿಂಬದಿಗೆ ಕೊಟ್ಟಿದೆ, ಮುಂದಿನಿಂದ ನೋಡಿದ್ರೆ ಏನೂ ಇಲ್ಲ, ಕೈ ಒಳಗೆ ಹಾಕಿದ್ರೆ ಬಿಸಿಬಿಸಿ, ಮುದ್ದೆ ಮುದ್ದೆ. ಗೊತ್ತಾಗುವಷ್ಟರಲ್ಲಿ ಮೂರು ಒಳ್ಳೆ ಹೇಂಟೆ ಹೋಗಿ ಆಗಿತ್ತು. ವರ್ಷಕ್ಕೆ 3500 ಮಿಲಿಮೀಟರಿನಷ್ಟು ಮಳೆ ಬರುವ ಊರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕೆ ಬೇಕಾದಷ್ಟೇ ತನ್ನಿ, ಹಲಗೆ ಮೇಲೆ, ಗೋಡೆಯಿಂದ ಒಂದು ಅಡಿ ಈಚೆ ಇಡಿ, ಮುಚ್ಚಳ ಇರುವ ಡ್ರಮ್ಮಾದ್ರೆ ಇನ್ನೂ ಒಳ್ಳೆಯದು. ನೀರು ಕಲಸಿ ಕೊಡುವವರು ಅರ್ಧ ಗಂಟೆಯಲ್ಲಿ ಮುಗಿಯುವಷ್ಟೇ ಕಲಸಿ, ಉಳಿದದ್ದನ್ನು ಗೊಬ್ಬರದ ಗುಂಡಿಗೆ ಹಾಕಿ. ತೌಡಿನಲ್ಲಿ ಎಣ್ಣೆ ಅಂಶ ಉಂಟು, ಹಳತಾದ್ರೆ ಕಹಿ ವಾಸನೆ ಬರ್ತದೆ, ಅದೂ ಬೇಡ.

ಪ್ರಶ್ನೆ: ಉಳಿದ ಮೀನುಸಾರು, ಉಪ್ಪಿನಕಾಯಿ ಹಾಕಿದ ಅನ್ನ ಕೊಡ್ಬಹುದಾ? (ಮಂಜೇಶ್ವರ)

ಉತ್ತರ: ಉಪ್ಪಿನಕಾಯಿ ಬೇಡವೇ ಬೇಡ. ಕೋಳಿಗೆ ಫೀಡಿನಲ್ಲಿ 0.3 ಶೇಕಡದಷ್ಟು ಉಪ್ಪು ಸಾಕಾಗ್ತದೆ, ಹೆಚ್ಚಾದ್ರೆ ನೀರು ಕುಡಿದು ಕುಡಿದು ಹಿಕ್ಕೆ ನೀರಾಗ್ತದೆ, ಮರಿಗಳು ಸತ್ತೇ ಹೋಗ್ತವೆ. ಬೂತಾಯಿ ತಲೆ, ಕರುಳು ಉಪ್ಪು ಮುಟ್ಟಿಸುವ ಮೊದಲೇ ತೆಗೆದಿಟ್ಟು ಬೇಯಿಸಿ ಕೊಡಿ. ದಿನಾ ಕೊಟ್ರೆ ಮೊಟ್ಟೆಗೆ ಮೀನಿನ ವಾಸನೆ ಬರ್ತದೆ, ಮೀನು ತಿನ್ನದ ನೆರೆಮನೆಯವರಿಗೆ ಮೊಟ್ಟೆ ಮಾರುವವರಾದ್ರೆ ನೋಡ್ಕೊಳ್ಳಿ.

ಪ್ರಶ್ನೆ: ಮರಗೆಣಸಿನ ಸಿಪ್ಪೆ, ಎಲೆ? (ಬಂದಡ್ಕ)

ಉತ್ತರ: ಹಸಿಯಾಗಿ ಬೇಡ, ಸಯನೈಡಿನ ಅಂಶ ಉಂಟು. ಬೇಯಿಸಿ ನೀರು ಬಸಿದ ಗೆಣಸು ಸ್ವಲ್ಪ ಕೊಡ್ಬಹುದು, ಅದೂ ಅನ್ನದ ಹಾಗೆಯೇ, ಹೊಟ್ಟೆ ತುಂಬ್ತದೆ ಅಷ್ಟೇ. ಸೊಪ್ಪು ಬೇಕಾದ್ರೆ ನುಗ್ಗೆ, ಬಸಳೆ, ಹರಿವೆ ಕಟ್ಟಿ ತೂಗಾಡಿಸಿ, ಮೊಟ್ಟೆಯೊಳಗಿನ ಹಳದಿ ಭಂಡಾರದ ಬಣ್ಣ ಕೇಸರಿ ಆಗ್ತದೆ.

ಪ್ರಶ್ನೆ: ಕಾವಿಗೆ ಕೂತ ಹೇಂಟೆ ಆರು ದಿನವಾಯ್ತು, ಏನೂ ತಿನ್ನುವುದಿಲ್ಲ. ಎಬ್ಬಿಸ್ಬೇಕಾ? (ಬದಿಯಡ್ಕ)

ಉತ್ತರ: ನೀವು ನೋಡದ ಹೊತ್ತಿನಲ್ಲಿ ತಿಂದಿರ್ತದೆ. 21 ದಿನ ಅದು ದಿನಕ್ಕೊಮ್ಮೆ ಹತ್ತಿಪ್ಪತ್ತು ನಿಮಿಷ ಏಳ್ತದೆ, ತಿಂದು ಕುಡಿದು ಒಂದು ದೊಡ್ಡ ಹಿಕ್ಕೆ ಹಾಕಿ, ಮಣ್ಣಲ್ಲಿ ಹೊರಳಿ ವಾಪಸ್ ಕೂರ್ತದೆ. ತೂಕ ಕಮ್ಮಿ ಆಗುವುದು ಸಹಜ. ಆದ್ರೆ ಎರಡು ದಿನ ಆ ದೊಡ್ಡ ಹಿಕ್ಕೆ ಎಲ್ಲೂ ಕಾಣದಿದ್ರೆ ರೆಕ್ಕೆ ಕೆಳಗೆ ಕೈ ಹಾಕಿ, ಮೊಟ್ಟೆ ಅಂಟಿಕೊಂಡಿದೆಯಾ ನೋಡಿ, ಮೆಲ್ಲ ಎತ್ತಿ ನೀರಿನ ಹತ್ತಿರ ಬಿಡಿ. ಈ ದಿನಗಳಲ್ಲಿ ಕಲಸಿದ್ದು ಬೇಡ, ಇಡೀ ಭತ್ತ ಇಲ್ಲವೇ ಜೋಳ ಕೊಡಿ, ಹಿಕ್ಕೆ ಗಟ್ಟಿ ಇರ್ತದೆ, ಗೂಡು ಕೊಳಕಾಗುವುದಿಲ್ಲ. ತಿನ್ಲಿಕ್ಕೆ ಇಡುವುದು ಗೂಡಿನಿಂದ ನಾಲ್ಕು ಹೆಜ್ಜೆ ದೂರ ಇರಲಿ, ಪಕ್ಕದಲ್ಲೇ ಇಟ್ರೆ ಬೇರೆ ಕೋಳಿಗಳು ಬಂದು ಮೊಟ್ಟೆ ಮೇಲೆಯೇ ಜಗಳ ಮಾಡ್ತವೆ.