ಪತ್ನಿಯನ್ನು ಪತಿ ಮಾಡುವ ಪಟ್ಟಿ

ತಿಪಟೂರಿನಿಂದ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: ‘ರಾತ್ರಿ ಊಟಕ್ಕೆ ಕೂತು ನ್ಯೂಸ್ ಹಾಕಿದರೆ ಪರದೆಯ ಮೇಲೆ ಒಂದೇ ಸಲಕ್ಕೆ ಏಳು ಕಡೆ ಏನೇನೋ ಓಡುತ್ತಿರುತ್ತದೆ, ಎಣಿಸಿದ್ದೇನೆ. ಸುದ್ದಿ ಓದುವವರ ಮುಖ ಅಂಚೆಚೀಟಿಯಷ್ಟಾಗಿದೆ. ಎರಡನೇ ಕ್ಲಾಸಿನ ಮೊಮ್ಮಗ ಕೆಳಗಿನ ಸಾಲನ್ನು ಜೋರಾಗಿ ಓದಿ, ತಾತಾ, ನಾಪತೆ ಅಂದ್ರೇನು ಅಂತ ಕೇಳಿದ. ಇದೆಲ್ಲ ಯಾರಿಗೋಸ್ಕರ ಸ್ವಾಮಿ?’

ಮೇಷ್ಟ್ರೇ, ನಮಸ್ಕಾರ.

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನಿಮಗೋಸ್ಕರ ಅಂತೂ ಅಲ್ಲ. ನೀವು ಟಿವಿ ಮುಂದೆ ಕೂತು ಕಿವಿಗೊಟ್ಟು ಕೇಳುವವರು. ಪರದೆಯ ಮೇಲೆ ಅಕ್ಷರ ಓಡುವ ಆ ಪಟ್ಟಿಗಳು ಇರುವುದು ಕೇಳದೇ ಇರುವವರಿಗೆ. ಈ ಪತ್ರಿಕೆಗೆ ಬರುವ ಮುಂಚೆ ನಾನೂ ಒಂದು ಚಾನೆಲ್‌ನ ಡೆಸ್ಕಿನಲ್ಲಿ ಕೆಲಸ ಮಾಡಿದವನು (ಹೆಸರು ಬೇಡ ಬಿಡಿ). ಹೊಸಬನಾಗಿದ್ದಾಗ ನಮ್ಮ ಸೀನಿಯರ್ ಹೇಳಿಕೊಟ್ಟ ಮೊದಲ ಪಾಠವೇ ಇದು: ದರ್ಶಿನಿಯಲ್ಲಿ ನಿಂತುಕೊಂಡು ಇಡ್ಲಿ ತಿನ್ನೋನು ಇದಾನಲ್ಲ, ಅವನಿಗೆ ಬರಿ. ಅಲ್ಲಿ ಟಿವಿ ಗೋಡೆಯ ಮೇಲೆ ಎತ್ತರದಲ್ಲಿರುತ್ತದೆ, ಸೌಂಡ್ ಇರುವುದಿಲ್ಲ, ಅವನು ಎರಡು ನಿಮಿಷ ತಲೆ ಎತ್ತಿ ನೋಡಿ ಹೋಗುತ್ತಾನೆ. ಆ ಎರಡು ನಿಮಿಷದಲ್ಲಿ ಅವನ ಕಣ್ಣು ಎಲ್ಲಿ ಬಿದ್ದರೂ ಅಲ್ಲೊಂದು ಸಾಲು ಇರಬೇಕು. ಮೇಲೆ ‘ಬ್ರೇಕಿಂಗ್’, ಕೆಳಗೆ ಎರಡು ಸಾಲು, ಪಕ್ಕದಲ್ಲಿ ಜಾಹೀರಾತು, ಮೂಲೆಯಲ್ಲಿ ಗಿರಗಿರ ತಿರುಗುವ ಲೋಗೋ, ಎಲ್ಲ ಆ ಇಡ್ಲಿ ಮನುಷ್ಯನ ಲೆಕ್ಕದಲ್ಲೇ ಬಂದದ್ದು.

ಪಟ್ಟಿ ಹೊಸದೇನಲ್ಲ. 1952ರಲ್ಲೇ ಅಮೆರಿಕದ ಎನ್‌ಬಿಸಿ ತನ್ನ ಬೆಳಗಿನ ಕಾರ್ಯಕ್ರಮದಲ್ಲಿ ಕಾಗದದ ಪಟ್ಟಿಯ ಮೇಲೆ ಸುದ್ದಿ ಟೈಪ್ ಮಾಡಿ, ಅದನ್ನು ಪರದೆಯ ಕೆಳಗೆ ಓಡಿಸಿತ್ತು. ಆದರೆ ಅದು ಖಾಯಂ ಆಗಿ ಕೂತದ್ದು 2001ರ ಸೆಪ್ಟೆಂಬರ್ 11ಕ್ಕೆ. ನ್ಯೂಯಾರ್ಕಿನ ಗೋಪುರಗಳು ಉರುಳಿದ ಆ ದಿನ ಹೇಳಬೇಕಾದದ್ದು ನಿಜಕ್ಕೂ ಜಾಸ್ತಿ ಇತ್ತು. ವಿಮಾನ ಬಂದ್, ಸೇತುವೆ ಬಂದ್, ಇನ್ನೂ ಏನೇನೋ. ಹಾಗಾಗಿ ಅಲ್ಲಿನ ಸುದ್ದಿ ಚಾನೆಲ್‌ಗಳಾದ ಫಾಕ್ಸ್ ನ್ಯೂಸ್, ಸಿಎನ್‌ಎನ್, ಎಂಎಸ್‌ಎನ್‌ಬಿಸಿ ಮೂರೂ ಕೆಳಗೆ ಟಿಕರ್, ಅಂದರೆ ಓಡುವ ಸುದ್ದಿಪಟ್ಟಿ, ಹಾಕಿದವು. ಅರ್ಜೆಂಟ್ ಮುಗಿಯಿತು, ಟಿಕರ್ ಮಾತ್ರ ಇಳಿಯಲಿಲ್ಲ. ಎಂಎಸ್‌ಎನ್‌ಬಿಸಿ ಅದನ್ನು ತೆಗೆದದ್ದು 2018ರಲ್ಲಿ. ನಮ್ಮ ಕಡೆ ಚಾನೆಲ್‌ಗಳು ಹುಟ್ಟುವಾಗಲೇ ಟಿಕರ್ ಕಟ್ಟಿಕೊಂಡು ಹುಟ್ಟಿದವು.

ಈಗ ನಿಮ್ಮ ಮೊಮ್ಮಗನ ‘ನಾಪತೆ’ಗೆ ಬರೋಣ. ಪತ್ರದಲ್ಲಿ ನನಗೆ ತುಂಬ ಹಿಡಿಸಿದ ಸಾಲು ಅದು, ಯಾಕೆಂದರೆ ಆ ಪಾಪದಲ್ಲಿ ನನ್ನ ಪಾಲೂ ಇದೆ.

ಡೆಸ್ಕಿನಲ್ಲಿ ಆ ಪಟ್ಟಿಗೆ ‘ಆಸ್ಟನ್’ ಅನ್ನುತ್ತಿದ್ದೆವು. ಟಿವಿ ಅಕ್ಷರದ ಯಂತ್ರ ಮಾಡುತ್ತಿದ್ದ ಬ್ರಿಟಿಷ್ ಕಂಪನಿಯ ಹೆಸರು ಅದು, ನಾವು ಜೆರಾಕ್ಸ್ ಅನ್ನುತ್ತೇವಲ್ಲ ಹಾಗೆ. ನಮ್ಮ ಆಸ್ಟನ್‌ನ ಅಳತೆ ಮಾಡಿದವರು ಇಂಗ್ಲಿಷ್ ಅಕ್ಷರ ಇಟ್ಟುಕೊಂಡು ಮಾಡಿದ್ದರು. ಇಂಗ್ಲಿಷಿನ ಚಿಕ್ಕಕ್ಷರಗಳಲ್ಲಿ ಗೆರೆಯಿಂದ ಕೆಳಗೆ ಬಾಲ ಬಿಡುವವು ಐದೇ ಐದು. ನಮ್ಮಲ್ಲಿ ಹಾಗಲ್ಲವಲ್ಲ, ಎರಡು ಪದಕ್ಕೊಂದು ಒತ್ತಕ್ಷರ ಕೆಳಗೆ ನೇತಾಡುತ್ತಿರುತ್ತದೆ, ‘ರಾಷ್ಟ್ರ’ದಂಥದ್ದು ಬಂದರೆ ಎರಡೆರಡು. ಪಟ್ಟಿಯ ಎತ್ತರ ಸಾಲದೆ ಅವೆಲ್ಲ ಕತ್ತರಿಸಿ ಹೋಗುತ್ತವೆ. ಒಂದು ರಾತ್ರಿ ನಾನು ‘ಶಾಸಕರ ಪತ್ನಿ ಆಸ್ಪತ್ರೆಗೆ ದಾಖಲು’ ಅಂತ ಟೈಪ್ ಮಾಡಿ ಕಳಿಸಿದೆ. ಪರದೆಯ ಮೇಲೆ ಹೋದದ್ದು ‘ಶಾಸಕರ ಪತಿ ಆಸತೆಗೆ ದಾಖಲು’. ಒತ್ತು ಹೋದರೆ ಪತ್ನಿ ಪತಿಯಾಗುತ್ತಾಳೆ ಅನ್ನೋದು ಅವತ್ತೇ ನನಗೆ ಹೊಳೆದದ್ದು, ನಿಮ್ಮಂಥವರಿಗೆ ಮೊದಲೇ ಗೊತ್ತಿರುತ್ತದೆ. ಫೋನ್ ಮೇಲೆ ಫೋನ್. ಶಾಸಕರು ಗಂಡಸರಲ್ವೇನ್ರೀ ಅಂತ.

ಗ್ರಾಫಿಕ್ಸ್ ಹುಡುಗನ ಹತ್ತಿರ ಓಡಿದೆ. ಅಕ್ಷರ ಒಂದು ಚೂರು ಚಿಕ್ಕದು ಮಾಡಪ್ಪಾ, ಒತ್ತು ಕಾಣಲಿ ಅಂದೆ. ‘ಚಿಕ್ಕದು ಮಾಡಿದರೆ ದರ್ಶಿನಿಯಲ್ಲಿ ಕಾಣಲ್ಲ ಸಾರ್’ ಅಂದ! ಹಾಗಾದರೆ ಪಟ್ಟಿಯನ್ನೇ ಎತ್ತರ ಮಾಡು ಅಂದರೆ, ಅದರ ಮೇಲಿನ ಪಟ್ಟಿ ಮಾರಾಟವಾಗಿದೆ, ಅಲ್ಲಿ ಸೀರೆ ಅಂಗಡಿ ಜಾಹೀರಾತು ಇದೆ ಅಂದ. ಅಲ್ಲಿಗೆ ಮಾತು ಮುಗಿಯಿತು.

ನೀವು ಬರೆಯದ ಒಂದು ವಿಷಯವನ್ನೂ ಸೇರಿಸುತ್ತೇನೆ. ಪಟ್ಟಿಯ ಗಲಾಟೆ ಸಹಿಸಿಕೊಳ್ಳಬಹುದು, ಆದರೆ ಪರದೆಯ ಮೇಲೆ ಇರಲೇಬೇಕಾದದ್ದು ಎಷ್ಟೋ ಸಲ ಇರುವುದೇ ಇಲ್ಲ, ಅದು ದೃಶ್ಯದ ತಾರೀಖು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿಯಿತಲ್ಲ, ಅದಾಗಿ ಎಷ್ಟೋ ದಿನದ ಮೇಲೆ ಮಸ್ಕತ್‌ನಲ್ಲಿರುವ ನನ್ನ ಚಿಕ್ಕಪ್ಪನ ಮಗ ಗಾಬರಿಯಿಂದ ಫೋನ್ ಮಾಡಿದ, ‘ಮತ್ತೆ ಕುಸೀತಾ ಅಣ್ಣಾ?’ ಅಂತ. ಇಲ್ಲ, ಅದೇ ಹಳೇ ದೃಶ್ಯ ಲೂಪಿನಲ್ಲಿ ತಿರುಗುತ್ತಿತ್ತು, ಮೇಲೆ ‘ಬ್ರೇಕಿಂಗ್’ ಅನ್ನೋ ಕೆಂಪು ಪಟ್ಟಿ ಹೊಳೆಯುತ್ತಿತ್ತು. ಅವನ ಅತ್ತೆ ಮನೆ ಇರುವುದು ಆ ಕಡೆಗೇ. ಆಗಸ್ಟ್‌ನಲ್ಲಿ ಮಾಹಿತಿ ಮತ್ತು ಪ್ರಸಾರ ಸಚಿವಾಲಯವೇ ಚಾನೆಲ್‌ಗಳಿಗೆ ಒಂದು ಸಲಹೆ ಕಳಿಸಿತು: ಪ್ರಕೃತಿ ವಿಕೋಪ, ದೊಡ್ಡ ಅಪಘಾತಗಳ ದೃಶ್ಯ ತೋರಿಸುವಾಗ ಮೇಲ್ಗಡೆ ದಿನಾಂಕ, ಸಮಯ ಹಾಕಿ. ಏಳು ಪಟ್ಟಿಗೆ ಜಾಗ ಇರುವ ಪರದೆಯಲ್ಲಿ ಇದಕ್ಕೂ ಜಾಗ ಇರಬೇಕು, ಅಲ್ವಾ? ಸಲಹೆ ಅಂದರೆ ಸಲಹೆ, ಪಾಲಿಸುವವರು ಪಾಲಿಸುತ್ತಾರೆ.

ಇನ್ನು ‘ಪಟ್ಟಿಯ ಮೇಲಿನ ಭಾಷೆಗೆ ಕೇಳುವವರು ಯಾರೂ ಇಲ್ಲವೇ’ ಅಂತ ಕೇಳಿದ್ದೀರಿ. ಇದ್ದಾರೆ, ಸ್ವಲ್ಪ ಮಟ್ಟಿಗೆ. 2020ರಲ್ಲಿ ನಟ ಸುಶಾಂತ್ ಸಿಂಗ್ ರಜಪೂತ್ ತೀರಿಕೊಂಡಾಗ ಕೆಲವು ಹಿಂದಿ ಚಾನೆಲ್‌ಗಳು ಪಟ್ಟಿಯಲ್ಲಿ ಬರೆದ ಸಾಲುಗಳಿಗಾಗಿಯೇ ಕ್ಷಮೆ ಕೇಳಬೇಕಾಯಿತು. ಹಾಗೆ ಹೇಳಿದ್ದು ಚಾನೆಲ್‌ಗಳೇ ಸೇರಿ ಮಾಡಿಕೊಂಡ ಮಾನದಂಡ ಪ್ರಾಧಿಕಾರ. ದೂರು ಬಂದರೆ ಅವರು ನೋಡುತ್ತಾರೆ. ಆದರೆ ಒತ್ತಕ್ಷರ ಕಳೆದುಹೋಗಿದೆ ಅಂತ ದೂರು ಕೊಡೋಕೆ ಎಲ್ಲೂ ಕಾಲಂ ಇದ್ದಂತಿಲ್ಲ!

ಚಾನೆಲ್‌ನವರನ್ನು ಬೈಯುವ ಮುಂಚೆ ಒಂದು ಕೆಲಸ ಮಾಡಿ. ಕೆಲವು ಟಿವಿಗಳು ಚಿತ್ರವನ್ನು ಸುಮ್ನೆ ಒಂಚೂರು ಹಿಗ್ಗಿಸಿ ತೋರಿಸುತ್ತವೆ, ಆಗ ನಾಲ್ಕೂ ಅಂಚು ಹೊರಗೆ ಹೋಗುತ್ತದೆ, ಕೆಳಗಿನ ಸಾಲಿನ ಒತ್ತೂ ಅದರ ಜೊತೆಗೇ ಹೋಗಿರಬಹುದು. ರಿಮೋಟಿನಲ್ಲಿ ಪಿಕ್ಚರ್ ಸೈಜ್‌ಗೆ ಹೋಗಿ, ‘ಸ್ಕ್ರೀನ್ ಫಿಟ್’ ಅಂತಲೋ ‘ಜಸ್ಟ್ ಸ್ಕ್ಯಾನ್’ ಅಂತಲೋ ಇದ್ದರೆ ಹಾಕಿ ನೋಡಿ. ಆಮೇಲೂ ‘ನಾಪತೆ’ಯೇ ಇದ್ದರೆ ಮೊಮ್ಮಗನ ಕೈಲಿ ಒಂದು ಫೋಟೋ ತೆಗೆಸಿ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ. ಚಾನೆಲ್ ಹೆಸರು ಮುಚ್ಚಿ, ಒತ್ತಕ್ಷರ ಸೇರಿಸಿ.

– ಸಂ.