ಬೈಗುಳ ತೆಗೆಯಿರಿ, ತಾರೀಖು ಹಾಕಿ

ಸೇಡಂನಿಂದ ಬರೆದ ಗೆಳೆಯರಿಗೆ ನಮಸ್ಕಾರ.

ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈ ತಿಂಗಳು ಹಾಕುತ್ತಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸಲು ಮನಸ್ಸಾಗಲಿಲ್ಲ, ಅದಕ್ಕೇ ಈ ಪತ್ರ.

ಅಮೆರಿಕದಲ್ಲಿ ಬಡವರ ಆಸ್ಪತ್ರೆ ಖರ್ಚು ನೋಡಿಕೊಳ್ಳುವ ಮೆಡಿಕೇಡ್ ಯೋಜನೆಯನ್ನು ಮುಟ್ಟುವುದಿಲ್ಲ ಅಂದವರೇ ಅದಕ್ಕೆ ಕತ್ತರಿ ಹಾಕಿದರು ಅನ್ನೋದು ನಿಮ್ಮ ವಿಷಯ. ವಿಷಯ ಗಟ್ಟಿ ಇದೆ, ಬರಹ ಗಟ್ಟಿಯಾಗಿಲ್ಲ. ಶುರುವಿನಲ್ಲೇ ಒಂದು ವಚನ. (ಕಲಬುರಗಿ ಕಡೆಯಿಂದ ನಮಗೆ ಬರುವ ಲೇಖನಗಳಲ್ಲಿ ಬಸವಣ್ಣನವರಿಗೆ ಬಿಡುವೇ ಇಲ್ಲ.) ಆಮೇಲೆ ‘ವಂಚಕ’ ಅನ್ನೋ ಪದ ಹನ್ನೊಂದು ಸಲ. ಕೂತು ಎಣಿಸಿದೆ. ಆದರೆ ಯಾರು ಯಾವಾಗ ಮಾತು ಕೊಟ್ಟರು, ಯಾವಾಗ ತಪ್ಪಿದರು ಅನ್ನೋದೇ ಇಲ್ಲ.

2015ರ ಜೂನ್‌ನಲ್ಲಿ, ಚುನಾವಣೆಗೆ ನಿಲ್ಲುತ್ತೇನೆ ಎಂದು ಹೇಳಿದ ಭಾಷಣದಲ್ಲೇ, ಮೆಡಿಕೇಡನ್ನು ಕಡಿತ ಮಾಡದೆ ಉಳಿಸಬೇಕು ಎಂದಿದ್ದರು ಟ್ರಂಪ್. 2025ರ ಜುಲೈ 4ರಂದು ಕಡಿತದ ಕಾನೂನಿಗೆ ಸಹಿ ಹಾಕಿದರು. ಇವೆರಡನ್ನು ಅಕ್ಕಪಕ್ಕ ಇಡಿ, ನಿಮ್ಮ ಹನ್ನೊಂದು ಪದದ ಕೆಲಸ ಓದುಗನೇ ಮಾಡಿಕೊಳ್ಳುತ್ತಾನೆ.

ಇದಕ್ಕಿಂತ ಒಳ್ಳೆಯ ಪಾತ್ರ ನಿಮ್ಮ ಕೈಯಲ್ಲೇ ಇತ್ತು. ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಮಿಸೌರಿಯ ಸೆನೆಟರ್ ಜೋಶ್ ಹಾಲಿ. 2025ರ ಮೇ ತಿಂಗಳಲ್ಲಿ ಇವರು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದರು: ಮೆಡಿಕೇಡ್ ಕಡಿತ ನೈತಿಕವಾಗಿ ತಪ್ಪು, ರಾಜಕೀಯವಾಗಿ ಆತ್ಮಹತ್ಯೆ ಅಂತ. ಜುಲೈ 1ರಂದು ಮಸೂದೆಗೆ ಹೌದು ಅಂದರು. ಸೆನೆಟ್‌ನಲ್ಲಿ ಬಿದ್ದ ಮತ 50–50. ಉಪಾಧ್ಯಕ್ಷರು ತಮ್ಮ ಮತ ಹಾಕಿ ಪಾಸು ಮಾಡಿಸಿದರು. ಅಂದರೆ ಹಾಲಿ ಒಬ್ಬರು ಬೇಡ ಅಂದಿದ್ದರೂ ಮಸೂದೆ ಬೀಳುತ್ತಿತ್ತು, ಅಲ್ವಾ? ಅದೇ ತಿಂಗಳು, ಆ ಕಡಿತಗಳಲ್ಲಿ ಕೆಲವನ್ನು ರದ್ದು ಮಾಡಿ ಎಂದು ಅವರೇ ಇನ್ನೊಂದು ಮಸೂದೆ ತಂದರು! ಇಂಥದ್ದನ್ನು ಬಿಟ್ಟು ಬೈಗುಳಕ್ಕೆ ಯಾಕೆ ಹೋದಿರಿ? ಅವರ ಕಡೆಯ ಮಾತನ್ನೂ ಹಾಕಿ. ಹಳ್ಳಿ ಆಸ್ಪತ್ರೆಗಳಿಗೆ ಕಾನೂನಿನಲ್ಲೇ 5,000 ಕೋಟಿ ಡಾಲರ್ ಇಟ್ಟಿದ್ದಾರೆ, ಅದನ್ನವರು ತೋರಿಸುತ್ತಾರೆ.

‘ಬಡವರ ಕಾರ್ಡ್ ಕಿತ್ತುಕೊಂಡರು’ ಎಂದಿದ್ದೀರಿ. ಹಾಗೆ ಯಾರೂ ಬಂದು ಕಿತ್ತುಕೊಳ್ಳುವುದಿಲ್ಲ, ಕಾಗದ ಕೇಳುತ್ತಾರೆ. 19ರಿಂದ 64 ವರ್ಷದ ಅನೇಕರು 2027ರಿಂದ ತಿಂಗಳಿಗೆ 80 ಗಂಟೆ ದುಡಿದದ್ದನ್ನೋ ಓದಿದ್ದನ್ನೋ ತೋರಿಸಬೇಕು. ವರ್ಷಕ್ಕೊಮ್ಮೆ ಇದ್ದ ಪರಿಶೀಲನೆ ಇಂಥವರಿಗೆ ಆರು ತಿಂಗಳಿಗೊಮ್ಮೆ ಆಗುತ್ತದೆ. ಈ ಕಾನೂನಿನಿಂದ 2034ರ ಹೊತ್ತಿಗೆ ಇನ್ನೂ ಸುಮಾರು 1 ಕೋಟಿ ಜನ ವಿಮೆ ಇಲ್ಲದವರಾಗುತ್ತಾರೆ ಎಂದು ಅಲ್ಲಿನ ಸಂಸತ್ತಿನ ಬಜೆಟ್ ಕಚೇರಿಯೇ ಲೆಕ್ಕ ಹಾಕಿದೆ.

ಈಗ ನಿಮ್ಮ ಮೂರನೇ ಪುಟ. ಚಿಗವ್ವನನ್ನು ಕರಕೊಂಡು ಆಸ್ಪತ್ರೆಗೆ ಹೋದದ್ದು. ಆಧಾರ್‌ನಲ್ಲಿ ಹೆಸರಿನ ಕೊನೆಗೆ ‘ಅಮ್ಮ’, ರೇಷನ್ ಕಾರ್ಡಿನಲ್ಲಿ ‘ಬಾಯಿ’. ‘ಇದರಾಗ ಹೆಸರು ಬ್ಯಾರೆ ಅದ, ತಿದ್ದಿಸ್ಕೊಂಡು ಬರ್ರಿ’ ಅಂದ ಕೌಂಟರಿನವನು. ಆಕೆ ಎರಡೂ ಕಾರ್ಡನ್ನು ಮತ್ತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೆರಗಿಗೆ ಕಟ್ಟಿಕೊಂಡಳು. ಐದೇ ಸಾಲು. ಇಡೀ ಲೇಖನದಲ್ಲಿ ನೀವು ಬರೆದದ್ದು ಅಂದರೆ ಇದೊಂದೇ, ಉಳಿದದ್ದು ಟಿವಿ ಚರ್ಚೆ.

ಹಾಗಂತ ಅಲ್ಲಿಯೂ ಇಲ್ಲಿಯೂ ಒಂದೇ ಎಂದು ಬರೆಯಬೇಡಿ. ಚಿಗವ್ವನ ಯೋಜನೆಯನ್ನು ಯಾರೂ ಕಡಿತ ಮಾಡಿಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಅದಕ್ಕೂ ಮೊದಲಿನ ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಶುರುವಾದದ್ದೇ ನಮ್ಮ ಗುಲ್ಬರ್ಗಾ ವಿಭಾಗದಲ್ಲಿ. ಸೇಡಂನವರಾಗಿ ಇದನ್ನೇ ಬಿಟ್ಟಿದ್ದೀರಿ ನೋಡಿ.

ಚಿಗವ್ವನಿಂದ ಶುರು ಮಾಡಿ ಮತ್ತೆ ಬರೆಯಿರಿ. ಎರಡು ಪುಟ ಸಾಕು, ವಚನ ಬೇಡ. ಮತ್ತೆ, ಆ ಹೆಸರು ಕಡೆಗೂ ತಿದ್ದಿಕೊಟ್ಟರಾ ಇಲ್ವಾ? ಅದನ್ನು ನೀವು ಬರೆದೇ ಇಲ್ಲ.