ಕ್ಯಾರವಾನ್ ಟ್ರೇಲರ್: ಮೊದಲು ಬಾಗಿಲು ನೋಡಿ

ಪ್ರಶ್ನೆ: ಅಮೆರಿಕದ ವಿನ್ಯಾಸ ನೋಡಿ ಕಟ್ಟಿದ, ಕಾರಿನ ಹಿಂದೆ ಎಳೆದೊಯ್ಯುವ ಮನೆಯಂಥ 14 ಅಡಿಯ ಟ್ರೇಲರ್ ಒಂದು ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತಿದೆ. ಬಾಗಿಲು ಬಲಗಡೆ ಇದೆ. ಜೊತೆಗೆ ಬರುವ ಅತ್ತೆ, ಮಾವ ಇಬ್ಬರಿಗೂ ಮಂಡಿನೋವು. ತೆಗೆದುಕೊಳ್ಳಬಹುದೇ?
– ಓದುಗರು, ಚಿಂತಾಮಣಿ

ಉತ್ತರ: ಬೇಡ. ಅಮೆರಿಕದಲ್ಲಿ ಗಾಡಿಗಳು ರಸ್ತೆಯ ಬಲಕ್ಕೆ ಓಡುತ್ತವೆ, ಬಲಕ್ಕೇ ನಿಲ್ಲುತ್ತವೆ. ಅಲ್ಲಿ ಬಲಗಡೆಯ ಬಾಗಿಲು ರಸ್ತೆಯ ಅಂಚಿಗೆ ತೆರೆಯುತ್ತದೆ, ನಮ್ಮಲ್ಲಿ ಅದೇ ಬಾಗಿಲು ಲಾರಿಗಳ ಕಡೆಗೆ. ಬಾಗೇಪಲ್ಲಿ ದಾರಿಯಲ್ಲಿ 44ನೇ ಹೆದ್ದಾರಿಯ ಪಕ್ಕಕ್ಕೆ ನಿಲ್ಲಿಸಿ, ಹಿರಿಯರು ಶೌಚಕ್ಕೆಂದು ಟ್ರೇಲರ್ ಹತ್ತಬೇಕಾದರೆ ಓಡುವ ಗಾಡಿಗಳ ಮಗ್ಗುಲಲ್ಲೇ ಹತ್ತಬೇಕು. ಬಿಸಿಲಿಗೆ ಬಿಚ್ಚುವ ಚಪ್ಪರವೂ ಬಾಗಿಲ ಕಡೆಯೇ ಇರುವುದರಿಂದ ರಸ್ತೆಬದಿಯಲ್ಲಿ ಅದು ಉಪಯೋಗಕ್ಕೆ ಬರುವುದಿಲ್ಲ.

‘ಬಾಗಿಲನ್ನು ಎಡಕ್ಕೆ ಹಾಕಿಸಿಕೊಡುತ್ತೇವೆ’ ಎಂದು ಮಾರುವವರು ಹೇಳಬಹುದು. ಒಪ್ಪಬೇಡಿ. ಎಡಗೋಡೆಯ ಕಂಬಿ ಕೊಯ್ದು, ಅಲ್ಲಿರುವ ಒಲೆ, ಸಿಂಕು, ವೈರಿಂಗ್ ಎಲ್ಲ ಬಲಕ್ಕೆ ಸಾಗಿಸಬೇಕಾಗುತ್ತದೆ. ಹಳೆಯ ಬಾಗಿಲ ಜಾಗ ಮುಚ್ಚಿದ ಕಡೆ ಮಳೆನೀರು ಸೋರುವ ಸಾಧ್ಯತೆ ಹೆಚ್ಚು.

ಎಡಬಾಗಿಲಿನದೇ ಬೇರೆ ಹುಡುಕಿ, ಮೆಟ್ಟಿಲು ಅಳೆಯಿರಿ. ನೆಲ 24 ಇಂಚು ಎತ್ತರದಲ್ಲಿದ್ದರೆ ನಡುವೆ ಎರಡು ಮೆಟ್ಟಿಲು ಬೇಕು, ಆಗ ಪ್ರತಿ ಹೆಜ್ಜೆ 8 ಇಂಚು ಆಗುತ್ತದೆ. ಒಂದೇ ಮೆಟ್ಟಿಲಿದ್ದರೆ 12 ಇಂಚು, ಮಂಡಿನೋವಿನವರಿಗೆ ಅದು ಆಗದ ಮಾತು. ಬಾಗಿಲ ಪಕ್ಕದ ಹಿಡಿಕೆ ತಗಡಿಗಲ್ಲ, ಒಳಗಿನ ಕಂಬಿಗೆ ಬೋಲ್ಟ್ ಆಗಿರಬೇಕು. ಬಾಗಿಲ ಕೀಲು ಮುಂದಿನ ಅಂಚಿನಲ್ಲಿದ್ದರೆ ಒಳ್ಳೆಯದು: ದಾರಿಯಲ್ಲಿ ಚಿಲಕ ಬಿಟ್ಟರೂ ಗಾಳಿ ಅದನ್ನು ಮುಚ್ಚುವ ಕಡೆಗೇ ಒತ್ತುತ್ತದೆ.

ಹಳೆಯ ಟ್ರೇಲರ್‌ನ ಚಾಸಿ (ಅಡಿಯ ಕಬ್ಬಿಣದ ಕಟ್ಟು) ತಿರುಚಿದ್ದರೆ ಮೊದಲು ಗೊತ್ತಾಗುವುದು ಬಾಗಿಲಲ್ಲೇ. ಬಾಗಿಲ ಚೌಕಟ್ಟಿನ ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ. ಅರ್ಧ ಇಂಚು ವ್ಯತ್ಯಾಸ ಬಂದರೆ ಆ ಗಾಡಿ ಬಿಟ್ಟುಬಿಡಿ. ಚೌಕಟ್ಟಿನ ಮೇಲ್ಮೂಲೆಗಳಲ್ಲಿ ಓರೆ ಬಿರುಕಿದ್ದರೂ ಅದೇ ಮಾತು. ನಾಲ್ಕು ಮೂಲೆಯ ಜಾಕ್‌ಗಳು ಅಲುಗಾಟ ತಡೆಯಲು ಮಾತ್ರ ಇರುವುದು. ಅವುಗಳಿಂದ ಗಾಡಿಯನ್ನೇ ಎತ್ತಿದವರ ಬಾಗಿಲು ಕಾಲಕ್ರಮೇಣ ಸಿಕ್ಕಿಕೊಳ್ಳುತ್ತದೆ.

ಪ್ರಶ್ನೆ: ತುಮಕೂರಿನಲ್ಲೇ ಹೊಸದಾಗಿ ಕಟ್ಟಿಸುತ್ತಿದ್ದೇನೆ. ಬಾಗಿಲು ಹಿಂದುಗಡೆ ಇಟ್ಟರೆ ಎರಡೂ ಪಕ್ಕದ ಗೋಡೆ ಉಳಿಯುತ್ತದೆ, ಖರ್ಚೂ ಕಡಿಮೆ ಎನ್ನುತ್ತಾರೆ ಮೇಸ್ತ್ರಿ. ಸರಿಯೇ? ನೀರಿನ ಟ್ಯಾಂಕ್ ಎಲ್ಲಿಡಬೇಕು?
– ಓದುಗರು, ಕುಣಿಗಲ್

ಉತ್ತರ: ಮೇಸ್ತ್ರಿ ಹೇಳುವುದರಲ್ಲಿ ತಪ್ಪಿಲ್ಲ, ಪೂರ್ತಿ ಹೇಳಿಲ್ಲ ಅಷ್ಟೇ. ಓಡುವ ಗಾಡಿಯ ಹಿಂದೆ ಗಾಳಿಯ ಒತ್ತಡ ಇಳಿಯುತ್ತದೆ, ಚಕ್ರ ಎಬ್ಬಿಸಿದ ಧೂಳು ಅಲ್ಲೇ ಸುತ್ತುತ್ತದೆ. ಪಾವಗಡ, ಮಧುಗಿರಿ ಕಡೆಯ ಮಣ್ಣುರಸ್ತೆಯಲ್ಲಿ ಹತ್ತು ಕಿಲೋಮೀಟರ್ ಹೋದರೆ ಹಿಂಬಾಗಿಲ ಸಂದಿಯಿಂದ ಹಾಸಿಗೆಯವರೆಗೂ ಧೂಳು ಬರುತ್ತದೆ. ಹಿಂದೆಯೇ ಬೇಕೆಂದಾದರೆ ಚೌಕಟ್ಟಿನ ಸುತ್ತ ಎರಡು ಸಾಲು ರಬ್ಬರ್ ಬೀಡಿಂಗ್ ಹಾಕಿಸಿ. ನಮ್ಮ ಸಲಹೆ ಎಡಪಕ್ಕದ ಬಾಗಿಲೇ: ಅಗಲ 26 ಇಂಚು, ಚಕ್ರದಿಂದ ಕನಿಷ್ಠ ಒಂದು ಅಡಿ ದೂರ. ತೀರಾ ಹತ್ತಿರವಾದರೆ ಮಡಚುವ ಮೆಟ್ಟಿಲಿಗೆ ಜಾಗ ಸಾಲದು, ಕೆಸರೆಲ್ಲ ಅದಕ್ಕೇ ಮೆತ್ತಿಕೊಳ್ಳುತ್ತದೆ.

ಟ್ಯಾಂಕ್ ಪ್ರಶ್ನೆ ಬಾಗಿಲಿಗಿಂತ ದೊಡ್ಡದು. 100 ಲೀಟರ್ ನೀರೆಂದರೆ 100 ಕೆ.ಜಿ. ಚಕ್ರದ ಅಚ್ಚಿನಿಂದ ಕಾರಿಗೆ ಸಿಕ್ಕಿಸುವ ಕೊಂಡಿಗೆ 4 ಮೀಟರ್ ಇದ್ದು, ಟ್ಯಾಂಕ್ ಅಚ್ಚಿಗಿಂತ ಒಂದೂವರೆ ಮೀಟರ್ ಹಿಂದಿದ್ದರೆ, ತುಂಬಿದಾಗ ಕೊಂಡಿಯ ಮೇಲಿನ ಭಾರ 37.5 ಕೆ.ಜಿ. ಇಳಿಯುತ್ತದೆ (100 × 1.5 ÷ 4). 750 ಕೆ.ಜಿ. ಟ್ರೇಲರ್‌ಗೆ ಕೊಂಡಿಯಲ್ಲಿ ಸುಮಾರು 75 ಕೆ.ಜಿ. ಇಟ್ಟುಕೊಂಡಿದ್ದರೆ ಅರ್ಧ ಹೋಯಿತು. ಆಗ ವೇಗ ಹೆಚ್ಚಿದಂತೆ ಟ್ರೇಲರ್ ಬಾಲ ಬೀಸತೊಡಗುತ್ತದೆ, ಕಾರನ್ನೂ ಎಳೆದಾಡುತ್ತದೆ. ಆದ್ದರಿಂದ ಟ್ಯಾಂಕ್ ಅಚ್ಚಿನ ನೆತ್ತಿಗೇ ಬರಲಿ. ನಿಮ್ಮ ಕಾರಿನ ಕೊಂಡಿ ಎಷ್ಟು ಭಾರ ತಡೆಯುತ್ತದೆ ಎಂಬುದು ಕಾರಿನ ಕೈಪಿಡಿಯಲ್ಲಿರುತ್ತದೆ, ಅದನ್ನು ಮೀರಬೇಡಿ.

ಎಡಗೋಡೆಯಲ್ಲಿ ಬಾಗಿಲು ಬಂದರೆ ಫ್ರಿಜ್, ಕಪಾಟು ಎಲ್ಲ ಬಲಕ್ಕೆ ಸೇರಿ ಆ ಪಕ್ಕ ಭಾರವಾಗುತ್ತದೆ. ಎಪಿಎಂಸಿ ಹತ್ತಿರದ ವೇ ಬ್ರಿಡ್ಜ್‌ನಲ್ಲಿ ಮೊದಲು ಇಡೀ ಗಾಡಿ, ಆಮೇಲೆ ಬಲಚಕ್ರ ಮಾತ್ರ ಹತ್ತಿಸಿ ತೂಗಿಸಿ. ಬಲಕ್ಕೆ ಅರ್ಧಕ್ಕಿಂತ ತೀರಾ ಹೆಚ್ಚು ಬಂದರೆ ಬ್ಯಾಟರಿಯನ್ನು ಎಡಕ್ಕೆ ತನ್ನಿ.

ಪ್ರಶ್ನೆ: ಅಡುಗೆಕಟ್ಟೆ ಬಾಗಿಲ ಪಕ್ಕದಲ್ಲೇ ಇದ್ದರೆ ಅನುಕೂಲವೇ?
– ಓದುಗರು, ಮುಳಬಾಗಿಲು

ಉತ್ತರ: ಒಗ್ಗರಣೆಯ ಹೊಗೆ ಹೊರಗೆ ಹೋಗುವುದಕ್ಕೆ ಅನುಕೂಲ, ಬೆಂಕಿ ಹತ್ತಿದರೆ ಅಪಾಯ. ಮಲಗುವ ಜಾಗಕ್ಕೂ ಬಾಗಿಲಿಗೂ ನಡುವೆ ಒಲೆ ಬರುವ ನಕ್ಷೆಯಾದರೆ, ಹಾಸಿಗೆಯ ಪಕ್ಕದ ಗೋಡೆಯಲ್ಲಿ ಒಬ್ಬರು ತೂರಿ ಹೊರಬರುವಷ್ಟು ದೊಡ್ಡ, ಒಳಗಿನಿಂದ ಒಂದೇ ಕೈಯಲ್ಲಿ ತೆರೆಯುವ ಕಿಟಕಿ ಇರಲೇಬೇಕು. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಕೂರುತ್ತದೆ. ಸಿಲಿಂಡರ್ ಗೂಡಿಗೆ ಒಳಗಿನ ಕಡೆ ಸಂದಿಯೇ ಇರಬಾರದು, ತಳದಲ್ಲಿ ಹೊರಗೆ ತೆರೆಯುವ ಜಾಲರಿ ಬೇಕು. ಒಲೆಯ ಕಡೆ ನೆಲಮಟ್ಟದಲ್ಲೂ ಒಂದು ಜಾಲರಿ ಇಡಿಸಿ, ಚಳಿ ಎಂದು ಅದಕ್ಕೆ ಬಟ್ಟೆ ತುರುಕಬೇಡಿ.